ಹಣ ಪಡೆದು ಪ್ರಬಂಧ ಬರೆದುಕೊಡುವ ಜಾಲತಾಣಗಳನ್ನು ನಂಬಬಹುದೇ? ತಮ್ಮನ ವಿಷಯ, ದಯವಿಟ್ಟು ಬೇಗ ತಿಳಿಸಿ

ಬೆಣ್ಣೆನಗರಿ (ಗುರುವಾರ, ರಾತ್ರಿ 9:10)
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಕಳೆದ ಸೆಪ್ಟೆಂಬರಿನಲ್ಲಿ ಸಪ್ಲೈ ಚೈನ್ ವಿಷಯದಲ್ಲಿ ಎಂ.ಎಸ್ಸಿ. ಮಾಡಲು ಇಂಗ್ಲೆಂಡಿಗೆ ಹೋದ. ಅವನ ಓದಿಗಾಗಿ ಅಪ್ಪ ಮನೆಯ ಪತ್ರವನ್ನು ಬ್ಯಾಂಕಿನಲ್ಲಿಟ್ಟು ಸಾಲ ತೆಗೆದಿದ್ದಾರೆ. ಬರುವ ಸೋಮವಾರದೊಳಗೆ ಅವನು 3,000 ಪದಗಳ ಅಸೈನ್‌ಮೆಂಟ್ ಒಪ್ಪಿಸಬೇಕು. ವಾರಕ್ಕೆ 20 ಗಂಟೆ ಗೋದಾಮಿನಲ್ಲಿ ರಾತ್ರಿ ಪಾಳಿಯ ಕೆಲಸ ಮಾಡುತ್ತಾನೆ, ಹಗಲು ತರಗತಿಗೆ ಹೋಗುತ್ತಾನೆ, ಬರೆಯಲು ಕೂತರೆ ಕಣ್ಣು ಮುಚ್ಚಿಹೋಗುತ್ತದೆ ಎನ್ನುತ್ತಾನೆ. ಇಂಥ ಪ್ರಬಂಧಗಳನ್ನು ಬರೆದುಕೊಡುವ ಜಾಲತಾಣವೊಂದನ್ನು ಜೊತೆಯಲ್ಲಿರುವ ಹುಡುಗರು ಅವನಿಗೆ ತೋರಿಸಿದ್ದಾರೆ. "ಅಕ್ಕಾ, ಇದು ಅಸಲಿಯೋ ಮೋಸವೋ ಸ್ವಲ್ಪ ನೋಡಿ ಹೇಳು" ಎಂದು ನಿನ್ನೆ ಲಿಂಕ್ ಕಳುಹಿಸಿದ.

ನೋಡಿದೆ. ಐದಕ್ಕೆ 4.9 ನಕ್ಷತ್ರಗಳಿವೆ. ಲಂಡನ್ನಿನ ವಿಳಾಸವಿದೆ. ನಕಲು ಪತ್ತೆ ಮಾಡುವ ಯಾವ ತಂತ್ರಾಂಶಕ್ಕೂ ಸಿಕ್ಕದ ಸ್ವಂತ ಬರಹ, ಒಪ್ಪಿಗೆಯಾಗದಿದ್ದರೆ ಹಣ ವಾಪಸು, ಎಲ್ಲವೂ ಗುಪ್ತ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದಾರೆ. ಪುಟಕ್ಕೆ 12 ಪೌಂಡ್. ಇಂಥ ತಾಣ ನಂಬಿಕೆಗೆ ಅರ್ಹವೋ ಅಲ್ಲವೋ ಎಂದು ಯಾವ ಗುರುತುಗಳಿಂದ ತೀರ್ಮಾನಿಸಬೇಕು? ತಿಳಿದವರು ದಯವಿಟ್ಟು ಹೇಳಿ.

ಗಾಂಧಿಬಜಾರ್ (ಗುರುವಾರ, ರಾತ್ರಿ 9:48)
ಮೇಡಂ, ಮೊದಲು ತಾಣದ ಡೊಮೇನ್ ಹೆಸರು (ಅದರ ಅಂತರಜಾಲ ವಿಳಾಸ) ಯಾವ ದಿನ ನೋಂದಣಿಯಾಗಿದೆ ಎಂದು ನೋಡಿ. ಅದು ಸಾರ್ವಜನಿಕ ದಾಖಲೆ, ಎರಡು ನಿಮಿಷದ ಕೆಲಸ. ಹದಿನೈದು ವರ್ಷಗಳ ಅನುಭವವಿದೆ ಎನ್ನುವ ತಾಣ ಕಳೆದ ವರ್ಷವಷ್ಟೇ ಹುಟ್ಟಿದ್ದರೆ ಮುಂದೆ ಯೋಚಿಸಬೇಕಾಗಿಲ್ಲ. ಲಂಡನ್ನಿನ ವಿಳಾಸವನ್ನು ಗೂಗಲ್‌ನಲ್ಲಿ ಹುಡುಕಿ. ಒಂದೇ ಬಾಗಿಲ ಸಂಖ್ಯೆಯಲ್ಲಿ ನೂರಾರು ಕಂಪನಿಗಳು ಕಂಡರೆ ಅದು ಅಂಚೆ ಪಡೆಯಲು ಬಾಡಿಗೆಗೆ ಸಿಗುವ ವಿಳಾಸ, ಅಲ್ಲಿ ಕಚೇರಿ ಇರುವುದಿಲ್ಲ. ಲೇಖಕರ ಫೋಟೋಗಳನ್ನು ಚಿತ್ರ ಹುಡುಕಾಟಕ್ಕೆ ಕೊಟ್ಟರೆ ಅದೇ ಮುಖ ಹಲ್ಲಿನ ಡಾಕ್ಟರರ ಜಾಹೀರಾತಿನಲ್ಲೂ ಸಿಗುವುದುಂಟು.

ಹಣ ವಾಪಸಿನ ನಿಯಮವನ್ನು ಕೊನೆಯ ಸಾಲಿನವರೆಗೆ ಓದಿ. ಗಡುವು ತಪ್ಪಿದರೆ ಮಾತ್ರ ವಾಪಸು, ಗುಣಮಟ್ಟದ ಬಗ್ಗೆ ತಕರಾರಿದ್ದರೆ ತಿದ್ದುಪಡಿ ಮಾತ್ರ ಎಂದು ಅಲ್ಲಿರುತ್ತದೆ. ನಕ್ಷತ್ರಗಳನ್ನಂತೂ ಲೆಕ್ಕಕ್ಕೇ ಹಿಡಿಯಬೇಡಿ. ಇಂಥ ಒಂದೇ ಕಂಪನಿಯನ್ನು 250ಕ್ಕೂ ಹೆಚ್ಚು ಯೂಟ್ಯೂಬ್ ಚಾನೆಲ್‌ಗಳು ಪ್ರಚಾರ ಮಾಡುತ್ತಿದ್ದುದನ್ನು 2018ರಲ್ಲಿ ಬಿಬಿಸಿ ಪತ್ತೆ ಮಾಡಿತ್ತು. ಹೊಗಳಿಕೆಯೇ ಅಷ್ಟು ಸುಲಭವಾಗಿ ಕೊಳ್ಳಲು ಸಿಗುವಾಗ 4.9 ಎಂಬ ಅಂಕಿಗೆ ಏನು ಬೆಲೆ?

ನಿವೃತ್ತ ಮೇಷ್ಟ್ರು (ಗುರುವಾರ, ರಾತ್ರಿ 10:20)
ಗಾಂಧಿಬಜಾರ್ ಅವರೇ, ನಿಮ್ಮ ಮಾಹಿತಿ ಸರಿಯಾಗಿದೆ, ಆದರೆ ಅದನ್ನು ಓದಿದವರು ಈ ಪರೀಕ್ಷೆಗಳಲ್ಲಿ ಪಾಸಾದ ತಾಣವನ್ನು ನಂಬಬಹುದು ಎಂದುಕೊಂಡಾರು ಎಂಬ ಭಯ ನನಗೆ. ಒಬ್ಬರು ಬರೆದುದನ್ನು ಇನ್ನೊಬ್ಬರ ಹೆಸರಿನಲ್ಲಿ ಒಪ್ಪಿಸಲು ಮಾರುವುದೇ ಆ ಅಂಗಡಿಯ ವ್ಯಾಪಾರ. ವಿಶ್ವವಿದ್ಯಾಲಯಕ್ಕೆ ಸುಳ್ಳು ಹೇಳಿಸಿ ಹಣ ಸಂಪಾದಿಸುವವನು ನಿಮಗೆ ಮಾತ್ರ ನಿಜ ಹೇಳುತ್ತಾನೆ ಎಂದು ಯಾವ ಆಧಾರದ ಮೇಲೆ ನಂಬುವುದು? ತಾಯಿ, ಆ ಹುಡುಗನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಈ ದಾರಿ ಬೇಡ.

ಕೋಟೆಬೀದಿ (ಗುರುವಾರ, ರಾತ್ರಿ 10:41)
ಮೇಷ್ಟ್ರೇ, ನಿಮ್ಮ ಮೇಲೆ ಗೌರವವಿಟ್ಟುಕೊಂಡೇ ಕೇಳುತ್ತೇನೆ. ನಮ್ಮ ಯಾವ ಊರಿನ ಕಾಲೇಜಿನ ಎದುರು ಪ್ರಾಜೆಕ್ಟ್ ರಿಪೋರ್ಟ್ ಸಿದ್ಧಪಡಿಸಿಕೊಡುವ ಜೆರಾಕ್ಸ್ ಅಂಗಡಿ ಇಲ್ಲ? ಹಳೆಯ ರಿಪೋರ್ಟಿನ ಮೊದಲ ಪುಟ ಬದಲಿಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿ, ಗೈಡ್‌ರ ಸಹಿ ಪಡೆದು ಪದವಿ ಮುಗಿಸಿದವರು ನಮ್ಮ ನಡುವೆಯೇ ಸಾವಿರಾರು ಜನ ಇದ್ದಾರೆ. ಅವರಾರನ್ನೂ ಕೇಳದವರು, ಪರದೇಶದಲ್ಲಿ ನಿದ್ದೆಗೆಟ್ಟು ದುಡಿಯುವ ಹುಡುಗನಿಗೆ ಮಾತ್ರ ಧರ್ಮ ಬೋಧಿಸುವುದು ನ್ಯಾಯವೇ?

ನಿವೃತ್ತ ಮೇಷ್ಟ್ರು (ಗುರುವಾರ, ರಾತ್ರಿ 10:55)
ಕೇಳಿದ್ದೇನೆ. ಸಹಿ ಹಾಕಲು ನಿರಾಕರಿಸಿ ಆಡಳಿತ ಮಂಡಳಿಯಿಂದ ಮಾತು ಕೇಳಿಸಿಕೊಂಡೂ ಇದ್ದೇನೆ. ಇಲ್ಲಿ ನಡೆಯುತ್ತಿದೆ ಎಂಬುದು ಅಲ್ಲಿ ಅದು ಸುರಕ್ಷಿತ ಎನ್ನುವುದಕ್ಕೆ ಕಾರಣವಾಗುವುದಿಲ್ಲ.

ಗ್ರಂಥಪಾಲಕ (ಶುಕ್ರವಾರ, ಬೆಳಗ್ಗೆ 7:30)
ಇಲ್ಲಿಯೂ ಕಾಲ ಬದಲಾಗಿದೆ, ಕೋಟೆಬೀದಿಯವರೇ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಪ್ರಕಾರ ಸಂಶೋಧನಾ ಪ್ರಬಂಧದಲ್ಲಿ ಸಾಮ್ಯ, ಅಂದರೆ ಬೇರೆ ಬರಹಗಳೊಂದಿಗಿನ ಹೋಲಿಕೆ, ಶೇ. 10ರಿಂದ 40ರೊಳಗಿದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು, ಶೇ. 40ರಿಂದ 60ರೊಳಗಿದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಶೇ. 60 ಮೀರಿದರೆ ನೋಂದಣಿಯೇ ರದ್ದು. ಆದರೆ ಅಕ್ಕನವರು ಗಮನಿಸಬೇಕಾದ ವಿಷಯ ಬೇರೆ. ನಕಲು ಪತ್ತೆ ತಂತ್ರಾಂಶಗಳು ಅಳೆಯುವುದು ಒಂದು ಬರಹ ಇನ್ನೊಂದನ್ನು ಎಷ್ಟು ಹೋಲುತ್ತದೆ ಎಂಬುದನ್ನು ಮಾತ್ರ. ಯಾರು ಬರೆದರು ಎಂಬುದನ್ನಲ್ಲ. ಸಾಮ್ಯ ಸೊನ್ನೆ ಬಂದರೂ ಬೇರೆಯವರಿಂದ ಬರೆಸಿದ್ದು ವಂಚನೆಯೇ ಆಗುತ್ತದೆ. ಆ ತಾಣದ ಸ್ವಂತ ಬರಹದ ಭರವಸೆ ಅಕ್ಷರಶಃ ನಿಜವಾಗಿದ್ದರೂ ನಿಮ್ಮ ತಮ್ಮನಿಗೆ ಅದರಿಂದ ರಕ್ಷಣೆ ಸಿಗುವುದಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಹಳೆಯ ‘ನುಡಿ’, ‘ಬರಹ’ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಕನ್ನಡ ಪ್ರಬಂಧವನ್ನು ಯೂನಿಕೋಡಿಗೆ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತಕ್ಕೆ) ಬದಲಿಸದೆ ತಂತ್ರಾಂಶಕ್ಕೆ ಹಾಕಿದರೆ ಅದಕ್ಕೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆ ಸಂದಿಯಲ್ಲಿ ನುಸುಳಿ ಎಷ್ಟು ಪಿಎಚ್.ಡಿ.ಗಳು ಹೊರಬಂದಿರಬಹುದು ಎಂದು ನೆನೆದರೆ ಸಂಕಟವಾಗುತ್ತದೆ.

ತುಂಗಾತೀರ (ಶುಕ್ರವಾರ, ಬೆಳಗ್ಗೆ 11:05)
ಇದನ್ನು ಬರೆಯಬೇಕೋ ಬೇಡವೋ ಎಂದು ರಾತ್ರಿಯಿಂದ ಯೋಚಿಸಿದೆ. ಕೆಲಸವಿಲ್ಲದ ದಿನಗಳಲ್ಲಿ ಹದಿನಾಲ್ಕು ತಿಂಗಳು ನಾನು ಇಂಥದೇ ಒಂದು ಕಂಪನಿಗೆ ಮನೆಯಿಂದಲೇ ಬರೆಯುತ್ತಿದ್ದೆ. ಆ ಲೋಕದಲ್ಲಿ ಒಂದು ಪುಟವೆಂದರೆ 275 ಪದಗಳು. ವಿದ್ಯಾರ್ಥಿ ಕೊಟ್ಟ ಹಣದಲ್ಲಿ ಪುಟಕ್ಕೆ 120 ರೂಪಾಯಿ ನನ್ನ ಕೈಸೇರುತ್ತಿತ್ತು. ಓದಿದ್ದು ಇತಿಹಾಸ, ಬರೆದದ್ದು ನರ್ಸಿಂಗ್, ಮಾರ್ಕೆಟಿಂಗ್, ಒಮ್ಮೆ ಕಾಂಕ್ರೀಟಿನ ಬಿರುಕುಗಳ ಬಗ್ಗೆ. ತಾಣದಲ್ಲಿ ನನ್ನ ಕೆಲಸದ ಪಕ್ಕ ಆಕ್ಸ್‌ಫರ್ಡ್ ಪದವೀಧರನೊಬ್ಬನ ಫೋಟೋ ಇರುತ್ತಿತ್ತು.

ರಾತ್ರಿ ಹನ್ನೊಂದಕ್ಕೆ ಆರ್ಡರ್ ಬಂದು ಬೆಳಗ್ಗೆ ಆರಕ್ಕೆ ಕೊಡಬೇಕಾದಾಗ ಪುಸ್ತಕ ಓದಲು ಎಲ್ಲಿಯ ಸಮಯ? ಲೇಖನಗಳ ಸಾರಾಂಶವನ್ನಷ್ಟೇ ನೋಡುತ್ತಿದ್ದೆವು. ಪುಟಸಂಖ್ಯೆಯನ್ನು ಊಹಿಸಿ ಹಾಕುತ್ತಿದ್ದೆವು. ಹಳೆಯ ಪ್ರಬಂಧವೊಂದನ್ನು ತೆಗೆದು, ಸಾಲಿಗೆರಡು ಪದಗಳಿಗೆ ಪರ್ಯಾಯ ಪದ ಸೇರಿಸಿ, ಹೊಸತೆಂದು ಮತ್ತೆ ಮಾರಿದ್ದೂ ಉಂಟು. ವಿದ್ಯಾರ್ಥಿಗಳು ಕಳುಹಿಸುತ್ತಿದ್ದ ಪ್ರಶ್ನೆಪತ್ರಿಕೆಯ ಕಡತದಲ್ಲಿ ಅವರ ಹೆಸರು, ನೋಂದಣಿ ಸಂಖ್ಯೆ, ಅಧ್ಯಾಪಕರ ಇಮೇಲ್ ಎಲ್ಲವೂ ನನ್ನ ಪರದೆಯ ಮೇಲೆ ತೆರೆದು ಕೂತಿರುತ್ತಿದ್ದವು. ಎಲ್ಲವೂ ಗುಪ್ತ ಎಂದು ತಾಣದಲ್ಲಿ ಬರೆದಿತ್ತು. ನನ್ನಂಥ ಎಷ್ಟು ಜನ ಅವನ್ನು ನೋಡುತ್ತಿದ್ದರೆಂದು ನನಗೇ ಗೊತ್ತಿರಲಿಲ್ಲ. ನಕ್ಷತ್ರದ ವಿಮರ್ಶೆಗಳನ್ನೂ ತಿಂಗಳಿಗೆ ಹತ್ತರಂತೆ ನಮ್ಮಿಂದಲೇ ಬರೆಸುತ್ತಿದ್ದರು.

ಒಬ್ಬ ಹುಡುಗಿ ತಾನು ಫೇಲಾದುದನ್ನು ತಿಳಿಸಿ, ಹಣ ಬೇಡ, ಎಲ್ಲಿ ತಪ್ಪಾಯಿತೆಂದಾದರೂ ಹೇಳಿ ಎಂದು ಚಾಟಿನಲ್ಲಿ ಕೇಳಿದ್ದಳು. ಅದಕ್ಕೆ ಉತ್ತರ ಕೊಡಬಾರದೆಂದು ನಮಗೆ ಸೂಚನೆ ಬಂತು. ಅದಾದ ಮೇಲೆ ಬಿಟ್ಟೆ. ಆ ಹುಡುಗಿಯ ನೋಂದಣಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ಇವತ್ತಿಗೂ ನೆನಪಿವೆ.

ಹಂಚಿನಮನೆ (ಶುಕ್ರವಾರ, ಬೆಳಗ್ಗೆ 11:20)
ತುಂಗಾತೀರ ಅವರೇ, ಇದನ್ನು ಹೇಳಿಕೊಳ್ಳಲು ಧೈರ್ಯ ಬೇಕು. ಧನ್ಯವಾದ.

ಎರಡನೇ ಸೆಮ್ (ಶುಕ್ರವಾರ, ಮಧ್ಯಾಹ್ನ 1:15)
ಅದೆಲ್ಲ ಹಳೆಯ ಕಾಲದ ಮಾತು ಎಂದು ನನ್ನ ಭಾವನೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಹಣ ಕೊಟ್ಟು ಬರೆಸುವ ಅಗತ್ಯವೇ ಉಳಿದಿಲ್ಲ. ಅದನ್ನು ಪತ್ತೆ ಮಾಡುತ್ತೇವೆನ್ನುವ ತಂತ್ರಾಂಶಗಳನ್ನೂ ನಂಬುವಂತಿಲ್ಲ. ಚಾಟ್‌ಜಿಪಿಟಿಯನ್ನು ತಂದ ಓಪನ್‌ಎಐ ಕಂಪನಿ ತಾನೇ ತಯಾರಿಸಿದ ಪತ್ತೆ ಸಾಧನವನ್ನು ನಿಖರತೆ ಕಡಿಮೆಯೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಹಾಗಿದ್ದ ಮೇಲೆ ಸಿಕ್ಕಿಬೀಳುವುದು ಹೇಗೆ?

ಗ್ರಂಥಪಾಲಕ (ಶುಕ್ರವಾರ, ಮಧ್ಯಾಹ್ನ 2:02)
ಪತ್ತೆ ಸಾಧನಗಳ ಬಗ್ಗೆ ನೀವು ಹೇಳಿದ್ದು ನಿಜ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಪ್ರಾಮಾಣಿಕವಾಗಿ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅವು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದ್ದನ್ನು ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ ತೋರಿಸಿದರು. ನಮ್ಮ ಮಕ್ಕಳಿಗೆ ಇದು ಅನ್ಯಾಯವೇ ಸರಿ, ಆದ್ದರಿಂದಲೇ ಕರಡುಗಳನ್ನು ಜೋಪಾನವಾಗಿಟ್ಟುಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತೇನೆ.

ಆದರೆ ಅಧ್ಯಾಪಕರು ಯಂತ್ರವನ್ನೇ ನೆಚ್ಚಿ ಕೂತಿರುವುದಿಲ್ಲ. ಉಲ್ಲೇಖಿಸಿದ ಲೇಖನ ಎಲ್ಲಿಯೂ ಇಲ್ಲದಿದ್ದಾಗ, ವರ್ಡ್ ಕಡತದ ವಿವರದಲ್ಲಿ ಬೇರೆ ಹೆಸರಿದ್ದು ಬರೆಯಲು ತಗುಲಿದ ಸಮಯ ನಾಲ್ಕು ನಿಮಿಷವೆಂದು ದಾಖಲಾಗಿದ್ದಾಗ ಸಂಶಯ ಬರುತ್ತದೆ. ಆಮೇಲೆ ವಿದ್ಯಾರ್ಥಿಯನ್ನು ಕರೆದು, ನೀವು ಬರೆದ ಎರಡನೆಯ ಪುಟದ ವಾದವನ್ನು ನಿಮ್ಮ ಮಾತಿನಲ್ಲಿ ವಿವರಿಸಿ ಎಂದರೆ ಸಾಕು. ಇನ್ನು ಬರೆದುಕೊಡುವ ಕಂಪನಿಗಳೂ ಇಂದು ಅದೇ ಯಂತ್ರವನ್ನು ಬಳಸುತ್ತಿಲ್ಲವೆಂದು ಯಾರು ಹೇಳಬಲ್ಲರು? ಪುಟಕ್ಕೆ 12 ಪೌಂಡ್ ಕೊಟ್ಟು, ಪುಕ್ಕಟೆ ಸಿಗುವುದನ್ನೇ ಕೊಂಡಂತಾಗಬಹುದು.

ಕಪ್ಪುಕೋಟು (ಶುಕ್ರವಾರ, ಸಂಜೆ 6:25)
ವಕೀಲನಾಗಿ ಎರಡು ಮಾತು. ಇಂಗ್ಲೆಂಡಿನಲ್ಲಿ ಇಂಥ ಸೇವೆಯನ್ನು ಒದಗಿಸುವುದು ಮಾತ್ರವಲ್ಲ, ಜಾಹೀರಾತು ನೀಡುವುದೂ 2022ರ ಕೌಶಲ ಮತ್ತು 16ರ ನಂತರದ ಶಿಕ್ಷಣ ಕಾಯ್ದೆಯ ಪ್ರಕಾರ ಅಪರಾಧ. ಐರ್ಲೆಂಡ್ 2019ರಲ್ಲಿಯೂ ಆಸ್ಟ್ರೇಲಿಯಾ 2020ರಲ್ಲಿಯೂ ಇಂಥ ಕಾನೂನು ತಂದಿವೆ. ಅಂದರೆ ಅಕ್ಕನವರು ನೋಡಿದ ತಾಣದ ವ್ಯವಹಾರವೇ ಅಲ್ಲಿ ಕಾನೂನುಬಾಹಿರ.

ಇಲ್ಲಿಯ ಕಂಪನಿಯಾದರೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಸಾರ್ವಜನಿಕ ನೀತಿಗೆ ವಿರುದ್ಧವಾದ ಉದ್ದೇಶವಿರುವ ಕರಾರು 1872ರ ಭಾರತೀಯ ಕರಾರು ಕಾಯ್ದೆಯ 23ನೆಯ ಕಲಮಿನಡಿ ಅನೂರ್ಜಿತ. ವಂಚನೆಗೆ ಕೊಟ್ಟ ಹಣ ವಾಪಸು ಕೊಡಿಸಿ ಎಂದು ಯಾವ ಬಾಯಲ್ಲಿ ಕೇಳುವುದು? ಕಳ್ಳನಿಗೆ ಚೇಳು ಕಡಿದಂತೆ. ಕಡಿದವರಿಗೂ ಅದು ಗೊತ್ತು. ಬೇರೆ ವ್ಯಾಪಾರದಲ್ಲಿ ಅಂಗಡಿಯವನು ಗ್ರಾಹಕನ ದೂರಿಗಾದರೂ ಹೆದರಿ ಸರಿಯಾಗಿ ನಡೆದುಕೊಳ್ಳುತ್ತಾನೆ. ಇಲ್ಲಿ ಆ ಹೆದರಿಕೆಯೇ ಇಲ್ಲದಿರುವಾಗ ಡೊಮೇನ್ ಎಷ್ಟೇ ಹಳೆಯದಿರಲಿ, ನಕ್ಷತ್ರಗಳು ಎಷ್ಟೇ ಇರಲಿ, ನಂಬಿಕೆಗೆ ಆಧಾರವೇ ಉಳಿಯುವುದಿಲ್ಲ.

ಗಾಂಧಿಬಜಾರ್ (ಶುಕ್ರವಾರ, ಸಂಜೆ 6:40)
ಒಪ್ಪಿದೆ. ನಾನು ಹೇಳಿದ ಗುರುತುಗಳಿಂದ ಮೋಸದ ತಾಣ ಯಾವುದೆಂದು ತಿಳಿಯಬಹುದು, ನಂಬಬಹುದಾದ ತಾಣ ಸಿಗುವುದಿಲ್ಲ.

ಕೋಟೆಬೀದಿ (ಶುಕ್ರವಾರ, ಸಂಜೆ 7:12)
ಹಾಗಾದರೆ ಬರೆಸಿಕೊಂಡ ಹುಡುಗರು ಜೈಲಿಗೆ ಹೋಗುತ್ತಾರೆಯೇ? ಇಷ್ಟು ಹೆದರಿಸುವುದು ಸರಿಯಲ್ಲ.

ಕಪ್ಪುಕೋಟು (ಶುಕ್ರವಾರ, ಸಂಜೆ 7:20)
ಇಲ್ಲ. ಆ ಕಾಯ್ದೆ ದಂಡಿಸುವುದು ಮಾರುವವರನ್ನು, ವಿದ್ಯಾರ್ಥಿಯನ್ನಲ್ಲ. ವಿದ್ಯಾರ್ಥಿಯ ಮೇಲೆ ವಿಶ್ವವಿದ್ಯಾಲಯದ ಶಿಸ್ತು ನಿಯಮಗಳು ಅನ್ವಯಿಸುತ್ತವೆ. ಆದರೆ ಕೋರ್ಸಿನಿಂದ ಹೊರಹಾಕಿದರೆ ಆ ವಿಷಯವನ್ನು ವಿಶ್ವವಿದ್ಯಾಲಯ ವೀಸಾ ಇಲಾಖೆಗೆ ತಿಳಿಸಲೇಬೇಕು. ಸಾಲ ಮಾಡಿ ಕಳುಹಿಸಿದ ಮನೆಗೆ ಅದು ಜೈಲಿಗಿಂತ ಸಣ್ಣ ಪೆಟ್ಟಲ್ಲ.

ಬೆಣ್ಣೆನಗರಿ (ಶುಕ್ರವಾರ, ರಾತ್ರಿ 9:35)
ನಿಮ್ಮೆಲ್ಲರ ಮಾತುಗಳನ್ನು ಫೋನಿನಲ್ಲಿ ತಮ್ಮನಿಗೆ ಒಂದೊಂದಾಗಿ ಓದಿ ಹೇಳಿದೆ. ತುಂಗಾತೀರ ಅವರು ಬರೆದದ್ದನ್ನು ಓದುವಾಗ ಆ ಕಡೆಯಿಂದ ಸದ್ದೇ ಇಲ್ಲ. ಲೈನ್ ಕಡಿಯಿತೇನೋ ಎಂದು ಎರಡು ಸಲ ಕರೆದೆ. ಆಮೇಲೆ ಹೇಳಿದ: ಅವನು ನನ್ನನ್ನು ಕೇಳುವ ಮೊದಲೇ, ಮಂಗಳವಾರವೇ, 66 ಪೌಂಡ್ ಮುಂಗಡ ಕಟ್ಟಿದ್ದಾನಂತೆ. ಪಾಠದ ಟಿಪ್ಪಣಿಗಳನ್ನು ನಾವೇ ಇಳಿಸಿಕೊಳ್ಳುತ್ತೇವೆ ಎಂದು ಅವರು ಕೇಳಿದ್ದಕ್ಕೆ ವಿಶ್ವವಿದ್ಯಾಲಯದ ಲಾಗಿನ್ ಮತ್ತು ಪಾಸ್‌ವರ್ಡನ್ನೂ ಕೊಟ್ಟಿದ್ದಾನೆ. ಪ್ರಬಂಧ ಇನ್ನೂ ಬಂದಿಲ್ಲ, ಏನನ್ನೂ ಒಪ್ಪಿಸಿಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ. ಈಗ ಏನು ಮಾಡಬೇಕು?

ಮೆಲ್ಬರ್ನ್ ಮಲೆನಾಡಿಗ (ಶುಕ್ರವಾರ, ರಾತ್ರಿ 9:50)
ಪಾಸ್‌ವರ್ಡನ್ನು ಈ ಕ್ಷಣವೇ ಬದಲಿಸಲು ಹೇಳಿ. ಅದೇ ಪಾಸ್‌ವರ್ಡ್ ಇಮೇಲಿಗೂ ಬ್ಯಾಂಕಿಗೂ ಇದ್ದರೆ ಅಲ್ಲಿಯೂ ಬದಲಿಸಲಿ. ಉಳಿದದ್ದು ಆಮೇಲೆ.

ಎರಡನೆಯದಾಗಿ, ಚಾಟಿನಲ್ಲಿ ಜಗಳವಾಡಬಾರದು, ಬಾಕಿ ಹಣ ಕಟ್ಟಬಾರದು. ಆರ್ಡರ್ ರದ್ದು ಮಾಡುತ್ತಿದ್ದೇನೆ, ನಿಮ್ಮ ಬರಹವನ್ನು ಬಳಸುವುದಿಲ್ಲ ಎಂದು ಒಂದೇ ಸಂದೇಶ ಕಳುಹಿಸಿ ಅದರ ಚಿತ್ರ ತೆಗೆದಿಟ್ಟುಕೊಳ್ಳಲಿ. ಬಾಕಿ ಕೊಡದಿದ್ದರೆ ನಿನ್ನ ಅಧ್ಯಾಪಕರಿಗೆ ತಿಳಿಸುತ್ತೇವೆ ಎಂಬ ಬೆದರಿಕೆ ಬರಬಹುದು. ಇದು ನನ್ನ ಕಲ್ಪನೆಯಲ್ಲ. ಇಲ್ಲಿ ಆಸ್ಟ್ರೇಲಿಯಾದ ಉನ್ನತ ಶಿಕ್ಷಣದ ನಿಯಂತ್ರಣ ಸಂಸ್ಥೆ ಟೆಕ್ಸಾ ಇಂಥ ಬೆದರಿಕೆಗಳ ಬಗ್ಗೆ ವಿದ್ಯಾರ್ಥಿಗಳನ್ನು ಎಚ್ಚರಿಸಿದೆ. ನನ್ನ ಜೊತೆ ಮನೆ ಹಂಚಿಕೊಂಡಿದ್ದ ಹುಡುಗನೊಬ್ಬ ಪದವಿ ಮುಗಿದು ಕೆಲಸಕ್ಕೆ ಸೇರಿದ ಮೇಲೂ ಎರಡು ಸಲ ಹಣ ಕಟ್ಟಿದ. ಒಮ್ಮೆ ಕಟ್ಟಿದರೆ ಇವನು ಕಟ್ಟುವವನು ಎಂದು ಅವರಿಗೆ ಗೊತ್ತಾಗಿಬಿಡುತ್ತದೆ. 2014ರಲ್ಲಿ ಸಿಡ್ನಿಯ ಪತ್ರಿಕೆಯೊಂದು ಬಯಲಿಗೆಳೆದ ‘ಮೈಮಾಸ್ಟರ್’ ಪ್ರಕರಣದಲ್ಲಂತೂ ಅಂಥ ತಾಣದ ಕಡತಗಳೇ ಪತ್ರಕರ್ತರ ಕೈ ಸೇರಿದವು. ಹದಿನಾರು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಅದರಲ್ಲಿದ್ದರು.

ಹಂಚಿನಮನೆ (ಶುಕ್ರವಾರ, ರಾತ್ರಿ 10:05)
ಒಪ್ಪಿಸದಿದ್ದ ಮೇಲೆ ಸುಮ್ಮನಿದ್ದುಬಿಡುವುದೇ ಲೇಸು ಎಂದು ನನಗನಿಸುತ್ತದೆ. ತಾನಾಗಿ ಹೋಗಿ ಹೇಳಿಕೊಂಡರೆ ಇಲ್ಲದ ಕೇಸು ಹುಟ್ಟಬಹುದು.

ಕಪ್ಪುಕೋಟು (ಶುಕ್ರವಾರ, ರಾತ್ರಿ 10:22)
ಎರಡು ಕಡೆಗೂ ವಾದವಿದೆ. ಕೆಲವು ವಿಶ್ವವಿದ್ಯಾಲಯಗಳ ನಿಯಮದಲ್ಲಿ ಆರ್ಡರ್ ಮಾಡಿದ್ದೇ ತಪ್ಪೆಂದು ಪರಿಗಣನೆಯಾಗಬಹುದು. ಆದರೆ ಲಾಗಿನ್ ಬೇರೆಯವರ ಕೈ ಸೇರಿರುವಾಗ ಸುಮ್ಮನಿರುವುದು ಅಪಾಯ. ಬ್ರಿಟನ್ನಿನ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಸಂಘದ ಸಲಹಾ ಕೇಂದ್ರವಿರುತ್ತದೆ. ಅದು ಆಡಳಿತದಿಂದ ಪ್ರತ್ಯೇಕ, ಪುಕ್ಕಟೆ, ಹೇಳಿದ್ದನ್ನು ಗುಟ್ಟಾಗಿಡುತ್ತದೆ. ಮೊದಲು ಅಲ್ಲಿಗೆ ಹೋಗಿ ಎಲ್ಲವನ್ನೂ ಹೇಳಲಿ, ಅಧ್ಯಾಪಕರಿಗೆ ಏನು, ಹೇಗೆ ತಿಳಿಸಬೇಕೆಂದು ಅವರ ಜೊತೆ ಕೂತು ತೀರ್ಮಾನಿಸಲಿ. ಮುಂಗಡವನ್ನು ಇಲ್ಲಿಯ ಖಾತೆಯಿಂದ ಕಟ್ಟಿದ್ದರೆ ಬ್ಯಾಂಕಿಗೆ ತಿಳಿಸಿ. ಹಣಕ್ಕಾಗಿ ಮನೆಯವರಿಗೆ ಬೆದರಿಕೆ ಬಂದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಿವೃತ್ತ ಮೇಷ್ಟ್ರು (ಶುಕ್ರವಾರ, ರಾತ್ರಿ 10:50)
ತಾಯಿ, ಅಳಬೇಡಿ. ಒಪ್ಪಿಸಿಲ್ಲವಲ್ಲ, ಅದು ದೊಡ್ಡದು. ಗಡುವು ವಿಸ್ತರಣೆಗೆ ಅರ್ಜಿ ಹಾಕುವ ಕ್ರಮ ಅಲ್ಲಿ ಇದ್ದೇ ಇರುತ್ತದೆ. ಸಿಗದಿದ್ದರೆ ತಡವಾಗಿ ಒಪ್ಪಿಸಿ ಅಂಕ ಕಳೆದುಕೊಳ್ಳಲಿ, ಇಲ್ಲವೇ ಮರುಪರೀಕ್ಷೆಗೆ ಕೂರಲಿ. ಅಂಕಪಟ್ಟಿಯ ಮೇಲೆ ಒಂದು ಕಡಿಮೆ ಅಂಕ ಇದ್ದರೆ ಬದುಕಬಹುದು.

ಪ್ರಬಂಧದ ವಿಷಯವೇನೆಂದು ಕೇಳಬಹುದೇ?

ಬೆಣ್ಣೆನಗರಿ (ಶುಕ್ರವಾರ, ರಾತ್ರಿ 11:15)
ಪಾಸ್‌ವರ್ಡ್ ಬದಲಿಸಿದ್ದಾನೆ. ಸಂದೇಶವನ್ನೂ ಕಳುಹಿಸಿದ್ದಾನೆ. ವಿಷಯ: ಗೋದಾಮುಗಳಲ್ಲಿ ಕಂಪ್ಯೂಟರಿನ ಲೆಕ್ಕಕ್ಕೂ ನಿಜವಾಗಿ ಇರುವ ದಾಸ್ತಾನಿಗೂ ತಾಳೆಯಾಗದಿರಲು ಕಾರಣಗಳು.

ನಿವೃತ್ತ ಮೇಷ್ಟ್ರು (ಶುಕ್ರವಾರ, ರಾತ್ರಿ 11:24)
ಹುಡುಗ ರಾತ್ರಿಯೆಲ್ಲ ಗೋದಾಮಿನಲ್ಲೇ ಇರುತ್ತಾನೆ ಎಂದಿರಲ್ಲ! ಅಲ್ಲಿ ನಿನ್ನೆ ರಾತ್ರಿ ಯಾವ ವಸ್ತು ಲೆಕ್ಕದಲ್ಲಿದ್ದೂ ಕಪಾಟಿನಲ್ಲಿರಲಿಲ್ಲ ಎಂದು ಕೇಳಿ. ಅವನು ಹೇಳಿದ್ದನ್ನು ಕನ್ನಡದಲ್ಲೇ ಹಾಗೆಯೇ ಬರೆದುಕೊಳ್ಳಲಿ. ಪಾಠದ ಪುಸ್ತಕ ಆಮೇಲೆ ತೆರೆಯಲಿ.

ತುಂಗಾತೀರ (ಶನಿವಾರ, ಬೆಳಗ್ಗೆ 8:10)
ಇಂಗ್ಲಿಷ್ ತಿದ್ದಲು ಯಾರಾದರೂ ಬೇಕಿದ್ದರೆ ವಿಶ್ವವಿದ್ಯಾಲಯದ ಬರವಣಿಗೆ ಕೇಂದ್ರದಲ್ಲಿ ಸಮಯ ಗೊತ್ತುಮಾಡಿಕೊಳ್ಳಲಿ. ವಾಕ್ಯದ ತಪ್ಪು ತೋರಿಸುವುದಕ್ಕೂ ವಾದವನ್ನೇ ಬರೆದುಕೊಡುವುದಕ್ಕೂ ನಡುವಿನ ಗೆರೆ ಅಲ್ಲಿಯವರಿಗೆ ಗೊತ್ತಿರುತ್ತದೆ. ಹಣ ಪಡೆದು ಪ್ರೂಫ್ ನೋಡುತ್ತೇವೆ ಎನ್ನುವ ತಾಣಗಳಲ್ಲಿ ಆ ಗೆರೆ ನಿಲ್ಲುವುದಿಲ್ಲ. ನಾವು ಮೊದಲು ತಿದ್ದುತ್ತೇವೆಂದು ಒಳಗೆ ಕರೆದು, ಆಮೇಲೆ ಪೂರ್ತಿ ಬರೆದುಕೊಡುವ ದರಪಟ್ಟಿ ತೋರಿಸುತ್ತಿದ್ದೆವು.

ಬೆಣ್ಣೆನಗರಿ (ಬುಧವಾರ, ರಾತ್ರಿ 8:45)
ತಡವಾಗಿ ತಿಳಿಸುತ್ತಿರುವುದಕ್ಕೆ ಕ್ಷಮಿಸಿ. ತಮ್ಮ ಸೋಮವಾರ ವಿದ್ಯಾರ್ಥಿ ಸಂಘದ ಸಲಹೆಗಾರರನ್ನು ಕಂಡ, ಅವರು ಹೇಳಿದಂತೆ ಮರುದಿನ ಅಧ್ಯಾಪಕಿಯ ಬಳಿ ಹೋಗಿ ಎಲ್ಲವನ್ನೂ ಹೇಳಿಕೊಂಡ. ಲಿಖಿತ ಎಚ್ಚರಿಕೆ ಕೊಟ್ಟಿದ್ದಾರೆ, ಏಳು ದಿನಗಳ ವಿಸ್ತರಣೆಯನ್ನೂ ಕೊಟ್ಟಿದ್ದಾರೆ. ಅದೇ ರಾತ್ರಿ ತಾಣದವರಿಂದ ಬೆದರಿಕೆ ಬಂತು, ಮಲೆನಾಡಿಗರು ಹೇಳಿದ್ದ ಮಾತುಗಳಲ್ಲೇ ಬಂತು. ಅಧ್ಯಾಪಕಿಗೆ ಆಗಲೇ ಗೊತ್ತಿದೆ ಎಂದು ಉತ್ತರಿಸಿದ ಮೇಲೆ ಸುಮ್ಮನಾಗಿದ್ದಾರೆ. 66 ಪೌಂಡ್ ಹೋಯಿತು. ಅಪ್ಪನಿಗೆ ನಾನೇ ಹೇಳಿದೆ; ಎರಡು ದಿನ ಯಾರೊಂದಿಗೂ ಮಾತನಾಡಲಿಲ್ಲ, ಇವತ್ತು ಬೆಳಗ್ಗೆ ಅವನಿಗೆ ತಾವೇ ಫೋನ್ ಮಾಡಿದರು.

ಈಗ 1,100 ಪದ ಬರೆದಿದ್ದಾನೆ. ಪಾಳಿ ಮುಗಿಯುವ ಹೊತ್ತಿಗೆ ಅವಸರದಲ್ಲಿ ಒಂದರ ಬದಲು ಪಕ್ಕದ ಪೆಟ್ಟಿಗೆಯ ಬಾರ್‌ಕೋಡನ್ನು ಎರಡು ಸಲ ಸ್ಕ್ಯಾನ್ ಮಾಡಿಬಿಡುತ್ತಾರಂತೆ, ಅಲ್ಲಿಂದ ಶುರು ಮಾಡಿದ್ದಾನೆ. ಗ್ರಂಥಪಾಲಕರೇ, ತಾನು ಕೆಲಸದಲ್ಲಿ ಕಣ್ಣಾರೆ ಕಂಡದ್ದನ್ನು ಬರೆಯುವಾಗ ಅದಕ್ಕೆ ಆಧಾರವಾಗಿ ಏನನ್ನು ಉಲ್ಲೇಖಿಸಬೇಕೆಂದು ಕೇಳುತ್ತಿದ್ದಾನೆ.

ಗ್ರಂಥಪಾಲಕ (ಬುಧವಾರ, ರಾತ್ರಿ 9:20)
ಲೇಖಕನ ಸ್ವಂತ ಅವಲೋಕನ ಎಂದು ವಾಕ್ಯದಲ್ಲೇ ಸ್ಪಷ್ಟವಾಗಿ ಹೇಳಿದರೆ ಸಾಕು, ಅದಕ್ಕೆ ಉಲ್ಲೇಖ ಬೇಕಾಗಿಲ್ಲ. ಕಂಪನಿಯ ಹೆಸರನ್ನೂ ಸಹೋದ್ಯೋಗಿಗಳ ಹೆಸರನ್ನೂ ಬರೆಯಬಾರದು. ಬರೆಯುವ ಮೊದಲು ಅಧ್ಯಾಪಕಿಯನ್ನು ಒಮ್ಮೆ ಕೇಳಲಿ. ಅವನು ಕಂಡದ್ದನ್ನೇ ಬೇರೆ ಗೋದಾಮುಗಳಲ್ಲಿ ಕಂಡ ಸಂಶೋಧನಾ ಲೇಖನ ಸಿಕ್ಕರೆ ಅದನ್ನು ಪಕ್ಕದಲ್ಲಿ ಉಲ್ಲೇಖಿಸಲಿ. ‘ದಾಸ್ತಾನು ದಾಖಲೆಯ ವ್ಯತ್ಯಾಸ’ ಎಂಬ ಅರ್ಥದ ಇಂಗ್ಲಿಷ್ ಪದಗಳಿಂದ ಅವನ ಗ್ರಂಥಾಲಯದ ತಾಣದಲ್ಲಿ ಹುಡುಕಲು ಹೇಳಿ, ಬೇಕಾದಷ್ಟು ಸಿಗುತ್ತವೆ. ಸಿಕ್ಕ ಲೇಖನವನ್ನು ಸಾರಾಂಶಕ್ಕೆ ನಿಲ್ಲಿಸದೆ ಪೂರ್ತಿ ಓದಲಿ, ಪುಟಸಂಖ್ಯೆಯನ್ನು ನೋಡಿ ಹಾಕಲಿ.